ಆದೆಮ್ಮನ ಬೆನ್ನಿನ ಸಿಮೆಂಟು

ದೇವದುರ್ಗದಲ್ಲಿ ಕುರಿ ಸಾಕುವ ಹಾಲುಮತದವರ ಓಣಿಯಲ್ಲಿ ಆದೆಮ್ಮನ ಬಾಯಿಗೆ ಹೆದರದವರು ಒಬ್ಬರೂ ಇರಲಿಲ್ಲ. ಆಕೆಯ ಕಾಲಿಗೆ ಸಮನಾಗಿ ನಡೆಯುವವರೂ ಇರಲಿಲ್ಲ. ಮಾನ್ವಿ ಕಡೆ ಕಾಲುವೆಯ ಗದ್ದೆಗಳಲ್ಲಿ ಬತ್ತ ಕೊಯ್ದು ಮುಗಿಯಿತೆಂದರೆ, ಗೊಬ್ಬರಕ್ಕಾಗಿ ಗದ್ದೆಯಲ್ಲಿ ಕುರಿ ತರುಬಲು ಇಲ್ಲಿಂದ ಹಿಂಡುಗಳು ಹೊರಡುತ್ತಿದ್ದವು. ಹಿಂಡಿನ ಹಿಂದೆ ಆದೆಮ್ಮ. ತಲೆಯ ಮೇಲಿನ ಬುಟ್ಟಿಯಲ್ಲಿ ಆಗತಾನೆ ಹುಟ್ಟಿದ ಮರಿ, ಸೊಂಟದ ಮೇಲೆ ಕೂಸು, ದವಡೆಯಲ್ಲಿ ಎಲೆ ಅಡಿಕೆ. ಗಂಡಸರು ದಾರಿಯಲ್ಲಿ ನೆರಳು ಕಂಡಲ್ಲೆಲ್ಲ ಕೂತರೆ ಈಕೆ ಮುಂದೆ ಹೋಗಿ ನೀರಿನ ದಂಡೆ ಹುಡುಕಿ, ಮೂರು ಕಲ್ಲು ಹೂಡಿ, ರೊಟ್ಟಿ ಬಡಿದು, ಬೈಯಲು ಸಿದ್ಧಳಾಗಿ ಕೂತಿರುತ್ತಿದ್ದಳು.

"ಬಂದ್ರಿ ಏನ್ರಪಾ? ನಾ ನಿಮ್ಮ ದಿವಸಾ ಮಾಡಿ ಮನಿಗೆ ಹೋಗಬೇಕಂತ ಮಾಡಿದ್ದೆ."

ಎಪ್ಪತ್ತರ ದಶಕದುದ್ದಕ್ಕೂ, ಅದರಾಚೆಗೂ ಆಕೆಯ ಬದುಕು ಹೀಗೆ ನಡೆದೇ ಕಳೆಯಿತು. ತವರೂರು ಕುರ್ಡಿಯ ಮೇಲೆ ಹಿಂಡು ಹಾದರೂ ತವರಿನಲ್ಲಿ ಒಂದು ರಾತ್ರಿ ನಿಂತವಳಲ್ಲ. ಮನೆಯೆಂದರೆ ಉಸಿರು ಕಟ್ಟುತ್ತದೆ ಎನ್ನುತ್ತಿದ್ದಳು. ಒಂದರ ಬೆನ್ನಿಗೊಂದು ಹಡೆದಳು, ಅರ್ಧವನ್ನು ಮಣ್ಣಿಗೆ ಕೊಟ್ಟಳು, ಉಳಿದ ಹೆಣ್ಣುಮಕ್ಕಳನ್ನು ಲಗ್ನ ಮಾಡಿ ಕಳಿಸಿದಳು. ಬಾಣಂತಿತನ ಅನ್ನುವುದು ಆಕೆಗೆ ಸರಿಯಾಗಿ ಸಿಕ್ಕಿದ್ದೇ ಇಲ್ಲ. ಹಾಲೂ ತುಪ್ಪವೂ ಮಾರುವ ಮನೆಯಲ್ಲಿ ಆಕೆ ತಿಂದದ್ದು ಜೋಳದ ರೊಟ್ಟಿ, ಕೆಂಪು ಖಾರ. ಎಲುಬು ಒಳಗೊಳಗೇ ಟೊಳ್ಳಾಗುತ್ತಿದ್ದರೆ ಹೊರಗಿನವರಿಗೆ ಹೇಗೆ ಗೊತ್ತಾಗಬೇಕು? ಆಕೆಗೇ ಗೊತ್ತಿರಲಿಲ್ಲ.

ಗಂಡ ಯಮನೂರಪ್ಪ ಕೆಟ್ಟವನಲ್ಲ, ಆದರೆ ಒಳ್ಳೆಯವನಾಗಲು ಬೇಕಾದ ಧೈರ್ಯ ಅವನಿಗಿರಲಿಲ್ಲ. ಮನೆಯ ಯಜಮಾನಿಕೆಯೆಲ್ಲ ಅವನ ಅಕ್ಕ ಬೂದೆಮ್ಮನದು. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳಕೊಂಡು ತಮ್ಮನ ಮನೆಗೆ ಬಂದವಳು, ಬಂದವಳು ಬಂದಂತೆಯೇ ಉಳಿಯದೆ ಮನೆಯನ್ನು ತನ್ನ ಸೆರಗಿನ ಗಂಟಿಗೆ ಕಟ್ಟಿಕೊಂಡಳು. ಯಾವ ಕುರಿ ಮಾರಬೇಕು, ಯಾರ ಕೈಗೆ ಎಷ್ಟು ಹಿಟ್ಟು ಕೊಡಬೇಕು, ಮನೆದೇವರು ಬೀರಪ್ಪನಿಗೆ ಏನು ಹರಕೆ ಹೊರಬೇಕು, ಎಲ್ಲವೂ ಆಕೆಯದೇ. ಆದೆಮ್ಮ ಊರಿಗೆಲ್ಲ ಬಾಯಿ ಮಾಡಿದರೂ ಬೂದೆಮ್ಮನ ಮುಂದೆ ಮಾತ್ರ ಧ್ವನಿ ಇಳಿಸುತ್ತಿದ್ದಳು. ಕಾರಣ ಒಂದೇ. ಹಿಂಡಿನ ಜೊತೆ ಯಾರು ಹೋಗಬೇಕು ಎಂದು ಹೇಳುವವಳು ಬೂದೆಮ್ಮ.

ಎಂಬತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಆ ನಡಿಗೆಗೆ ಕಲ್ಲು ಬಿತ್ತು. ಯಮನೂರಪ್ಪನಿಗೆ ಟಗರಿನ ಕಾಳಗದ ಹುಚ್ಚು. ಹೆಂಡತಿಗೆ ಕಾಣಿಸದ ಹಾಲು, ಮೊಟ್ಟೆ, ಶೇಂಗಾ ಹಿಂಡಿಯನ್ನೆಲ್ಲ ತಿಂದು ಬೆಳೆದ ಟಗರೊಂದು ಅಂಗಳದಲ್ಲಿತ್ತು. ಆದೆಮ್ಮ ಬಗ್ಗಿ ಅದರ ಮುಂದಿನ ತೊಟ್ಟಿಗೆ ನೀರು ಹೊಯ್ಯುತ್ತಿದ್ದಾಗ ಹಗ್ಗ ಹರಿದದ್ದು ಯಾರಿಗೂ ಕಾಣಲಿಲ್ಲ. ಟಗರು ನಾಲ್ಕು ಹೆಜ್ಜೆ ಹಿಂದೆ ಸರಿದು ಓಡಿಬಂದು ಆಕೆಯ ನಡುಬೆನ್ನಿಗೆ ಗುದ್ದಿತು. ಒಣ ಕಟ್ಟಿಗೆ ಮುರಿದ ಸದ್ದು ಬಂತು. ಆದೆಮ್ಮ ತೊಟ್ಟಿಯ ಮೇಲೆ ಬೋರಲು ಬಿದ್ದಳು. ಯಮನೂರಪ್ಪ ಓಡಿಬಂದವನು ಮೊದಲು ಟಗರಿನ ಕೊಂಬು ಹಿಡಿದು ನೋಡಿದ, ಎಲ್ಲಾದರೂ ಬಿರುಕು ಬಿಟ್ಟಿತೇನೋ ಎಂದು.

"ಕೊಂಬಿಗೇನೂ ಆಗಿಲ್ಲ ತಗೋ!" ಬಿದ್ದಲ್ಲಿಂದಲೇ ಆದೆಮ್ಮ ಚೀರಿದಳು. "ಮುರಿದದ್ದು ನಂದು, ನಿನ್ನ ಹೆಂಡ್ತಿದು!"

ಗಂಡನನ್ನು ಏಕವಚನದಲ್ಲಿ ಕರೆಯುವುದು ಆಕೆಯ ರೂಢಿ, ಅವನೂ ಅದನ್ನು ಮನಸ್ಸಿಗೆ ಹಚ್ಚಿಕೊಂಡವನಲ್ಲ. ಊರಿನ ತಿಕ್ಕುವವರು ಬಂದು ಎಣ್ಣೆ ಹಚ್ಚಿ ತಿಕ್ಕಿದರು, ನೋವು ಹೆಚ್ಚಾಯಿತು. ಕೂರಲೂ ಆಗದೆ ನಿಲ್ಲಲೂ ಆಗದೆ ಆದೆಮ್ಮ ಮಂಚಕ್ಕೆ ಬಿದ್ದಳು. ಕೊನೆಗೆ ಕಂಬಳಿ ಹಾಸಿದ ಟ್ರ್ಯಾಕ್ಟರಿನಲ್ಲಿ ರಾಯಚೂರಿಗೆ ಒಯ್ದರು. ದಾರಿಯ ಒಂದೊಂದು ಗುಂಡಿಗೂ ಆಕೆ ಸರ್ಕಾರವನ್ನು ಬೈದಳು, ಡ್ರೈವರನ್ನು ಬೈದಳು, ಟಗರಿನ ಅಪ್ಪನನ್ನು ಬೈದಳು.

ರಾಯಚೂರಿನ ಒಂದು ಖಾಸಗಿ ಆಸ್ಪತ್ರೆಗೆ ಆಗ ಹೈದರಾಬಾದಿನಿಂದ ಒಬ್ಬ ಬೆನ್ನೆಲುಬಿನ ಡಾಕ್ಟರ್ ಪ್ರತಿ ಭಾನುವಾರ ರೈಲಿಗೆ ಬರುತ್ತಿದ್ದ. ಹೊರದೇಶದಲ್ಲಿ ಕಲಿತು ಬಂದವನು, ಕೈ ಸುಮ್ಮನಿರದವನು. ಬೆನ್ನಿಗೆ ಸ್ಕ್ರೂ ಹಾಕಿ ಸರಳಿನಿಂದ ಬಿಗಿಯುವುದು ಈ ಕಡೆಗೆ ಹೊಸದು. ದೊಡ್ಡ ಊರಿನ ದೊಡ್ಡ ಮಂದಿಯ ಮೇಲೆ ಹೊಸದನ್ನು ಮಾಡಿ ನೋಡುವುದು ಕಷ್ಟ, ದೇವದುರ್ಗದಿಂದ ಟ್ರ್ಯಾಕ್ಟರಿನಲ್ಲಿ ಬಂದವರ ಮೇಲೆ ಸುಲಭ. ಆತ ಎಕ್ಸ್‌ರೇ ಫೋಟೋ ಹಿಡಿದು ನೋಡಿ, ಒಂದು ಎಲುಬು ಕುಸಿದಿದೆ, ಮೇಲೆ ಕೆಳಗೆ ಸ್ಕ್ರೂ ಹಾಕಿ ನಿಲ್ಲಿಸುತ್ತೇನೆ ಎಂದ. ಏನಾದರೂ ಹೆಚ್ಚುಕಡಿಮೆ ಆಗಬಹುದೇ ಎಂದು ಯಮನೂರಪ್ಪ ಕೇಳಿದ್ದಕ್ಕೆ ಒಪ್ಪಿಗೆಯ ಕಾಗದ ಮುಂದೆ ತಳ್ಳಿದ. ಹೆಬ್ಬೆಟ್ಟು ಒತ್ತಿಸಿಕೊಂಡು ಒಳಗೆ ಹೋದ.

ಒಳಗೆ ಆಪರೇಷನ್ ನಡೆಯುತ್ತಿದ್ದಾಗ ಹೊರಗೆ ಬೂದೆಮ್ಮ ಸೆರಗು ಹಾಸಿ ಹರಕೆ ಹೊತ್ತಳು. ಆಸ್ಪತ್ರೆಯ ಮಂದಿಗೆಲ್ಲ ಕೇಳುವಂತೆ ಜೋರಾಗಿಯೇ ಹೊತ್ತಳು.

"ಯಪ್ಪಾ ಬೀರಪ್ಪ, ಈಕಿ ಎದ್ದು ತನ್ನ ಕಾಲ್ ಮ್ಯಾಲ ನಿಂತ್ರ, ಬಾವಿಯಿಂದ ನಿನ್ನ ಗುಡಿ ಮಟ ಈಕಿ ಕೈಲೇ ದೀಡ ನಮಸ್ಕಾರ ಹಾಕಸ್ತೀನಿ."

ದೀಡ ನಮಸ್ಕಾರವೆಂದರೆ ಗೊತ್ತಲ್ಲ, ಒದ್ದೆ ಬಟ್ಟೆಯಲ್ಲಿ ನೆಲಕ್ಕೆ ಉದ್ದುದ್ದ ಬಿದ್ದು, ಕೈ ಚಾಚಿದಲ್ಲಿ ಗೆರೆ ಎಳೆದು, ಎದ್ದು, ಗೆರೆಯ ಮೇಲೆ ನಿಂತು ಮತ್ತೆ ಬೀಳುವುದು. ಬೆನ್ನು ಮುರಿದವಳ ಹೆಸರಿನಲ್ಲಿ ಹೊರುವ ಹರಕೆಯೇ ಇದು? ಬೀಳುವವಳು ತಾನಲ್ಲವಲ್ಲ, ಬೂದೆಮ್ಮನಿಗೆ ಏನು ಹೋಗಬೇಕಿತ್ತು?

ಒಳಗಿನ ಕಥೆ ಬೇರೆಯೇ ಇತ್ತು. ಅದು ಆದೆಮ್ಮನಿಗೆ ತಿಳಿದದ್ದು ಆಸ್ಪತ್ರೆಯ ಆಯಾ ಹೀರಾಬಿಯಿಂದ. ಪಾತ್ರೆ ಪಗಡಿ ಎತ್ತಿಕೊಡಲು ಹೀರಾಬಿ ಒಳಗೇ ನಿಂತಿದ್ದಳು. ನಾಲ್ಕು ದಿನದ ಮೇಲೆ ಆದೆಮ್ಮನಿಗೆ ಮೈ ಒರೆಸುತ್ತಾ ಮೆಲ್ಲಗೆ ಹೇಳಿದಳು.

"ನಿನ್ನ ಎಲುಬಿನ್ಯಾಗ ಸತ್ವಾನೇ ಇಲ್ಲಂತ ಬೇ. ಸ್ಕ್ರೂ ತಿರುವಿದ್ರ ತಿರುಗೇ ತಿರುಗ್ತದ, ಹಿಡಿಯವಲ್ದು. ಡಾಕ್ಟರ್ ಸಾಬ್ರು ಸಿಟ್ಟಿಗೆದ್ದು, ಎಲುಬಿಗೆ ಹಾಕೋ ಸಿಮೆಂಟ್ ಕಲಸಿ ತೂತಿನ್ಯಾಗ ತುಂಬಿದ್ರು. ತುಂಬಿದ ಗಳಿಗಿಗೇ ನಿನ್ನ ಬಿ.ಪಿ. ಬಿದ್ದುಹೋತು. ಮಂದಿಯೆಲ್ಲ ಓಡ್ಯಾಡಿಬಿಟ್ರು. ಅಲ್ಲಾನ ದಯಾ, ತಿರುಗಿ ಬಂದಿ."

"ಎಡಗಾಲು ಕೆಂಡದಾಗ ಇಟ್ಟಂಗ ಆಗಾಕತ್ತೇತಲ್ಲ, ಅದ್ಯಾಕ?"

ಹೀರಾಬಿ ಬಾಗಿಲ ಕಡೆ ನೋಡಿದಳು. "ಆ ಸಿಮೆಂಟ್ ಒಂದೀಟು ಹೊರಗ ಹರಿದು ನರದ ಮಗ್ಗಲಕ್ಕ ಹೋಗ್ಯದಂತ. ಅದು ಗಟ್ಟಿಯಾಗೋ ಮುಂದ ಸುಡ್ತದ, ನರಾ ಸುಟ್ಟದಂತ. ಒಮ್ಮಿ ಗಟ್ಟಿಯಾತಂದ್ರ ತಗಿಯಾಕ ಬರಲ್ಲ, ತಗದ್ರ ಎಲುಬೇ ಕಿತ್ತು ಬರ್ತದಂತ ಅನ್ನಾಕತ್ತಿದ್ರು. ನಾ ಹೇಳೀನಂತ ಹೇಳಬ್ಯಾಡ, ನನ್ನ ನೌಕ್ರಿ ಹೋಗ್ತದ."

ಮುಂದಿನ ಭಾನುವಾರ ಡಾಕ್ಟರ್ ಬಂದಾಗ ಆದೆಮ್ಮ ಕಾಲಿನ ಉರಿಯ ಮಾತು ತೆಗೆದಳು. ಆತ ಪಾದದ ಕೆಳಗೆ ಸೂಜಿ ಚುಚ್ಚಿದ. ಆಕೆಗೆ ಚುಚ್ಚಿದ್ದು ತಿಳಿಯಲಿಲ್ಲ. ಸೂಜಿ ಕಿಸೆಗೆ ಹಾಕಿಕೊಂಡು ಆತ ನಕ್ಕ.

"ಎಲ್ಲಾ ಸರಿಹೋಗ್ತದ ನಡಿ. ನಿನ್ನ ಬೆನ್ನಿಗೆ ಹಾಕಿದ್ದು ಅಂತಿಂಥಾದ್ದಲ್ಲಮ್ಮ. ಇನ್ನು ಎತ್ತು ಕಟ್ಟಿ ಎಳೆದ್ರೂ ಆ ಸ್ಕ್ರೂ ಅಲ್ಲಾಡಂಗಿಲ್ಲ."

ಬಗ್ಗಬೇಡ, ಭಾರ ಎತ್ತಬೇಡ ಎಂಬ ಮಾತನ್ನು ಆತ ಹೊರಗೆ ಹೋಗುತ್ತಾ ಕಾಂಪೌಂಡರನಿಗೆ ಹೇಳಿದ. ಕಾಂಪೌಂಡರ್ ಯಮನೂರಪ್ಪನಿಗೆ ಹೇಳಿದ. ಯಮನೂರಪ್ಪ ಬಸ್ಸಿನ ಗದ್ದಲದಲ್ಲಿ ಹೆಂಡತಿಗೆ ಹೇಳಿದ. ಆಕೆಯ ಕಿವಿಯಲ್ಲಿ ಉಳಿದದ್ದು ಮಾತ್ರ ಎತ್ತಿನ ಮಾತು. ಸಿಮೆಂಟು ಹಿಡಿದ ಎಲುಬು ಕಲ್ಲಿನಂತಾದರೆ, ಅದರ ಮೇಲಿನ ಟೊಳ್ಳು ಎಲುಬಿಗೆ ಇನ್ನು ಮೈಭಾರವೆಲ್ಲ ಬೀಳುತ್ತದೆ, ಮುರಿಯುವುದಾದರೆ ಮೊದಲು ಅದೇ ಮುರಿಯುತ್ತದೆ ಎಂದು ಆಕೆಗೆ ಯಾರೂ ಹೇಳಲಿಲ್ಲ. ಹೇಳಬೇಕಾದವನಿಗೆ ರೈಲಿನ ಹೊತ್ತಾಗಿತ್ತು.

ಊರಿಗೆ ಬಂದ ಆದೆಮ್ಮ ಕೋಲು ಹಿಡಿದು ಎದ್ದು ನಿಂತಳು. ಎಡಪಾದ ನೆಲಕ್ಕೆ ಜೋಲುತ್ತಿತ್ತು, ಚಪ್ಪಲಿ ದಾರಿಯಲ್ಲಿ ಉದುರಿದರೂ ತಿಳಿಯುತ್ತಿರಲಿಲ್ಲ. ಆದರೂ ನಡೆದಳು. ಮೊದಲು ಕಟ್ಟೆಯ ತನಕ, ಆಮೇಲೆ ಬಾವಿಯ ತನಕ, ಮಳೆಗಾಲ ಮುಗಿಯುವ ಹೊತ್ತಿಗೆ ಊರಾಚೆಯ ಹಟ್ಟಿಯ ತನಕ. ಓಣಿಯ ಹುಡುಗಿಯರು "ಸಿಮೆಂಟ್ ಆದವ್ವ" ಎಂದು ಕರೆದರೆ ಕೋಲೆತ್ತಿ ಅಟ್ಟಿಸುವಂತೆ ಮಾಡುತ್ತಿದ್ದಳು.

"ಹೌದಬೇ, ಸಿಮೆಂಟೇ! ನಿಮ್ಮವ್ವಗೋಳು ಮುದುಕೇರಾಗಿ ಗೂನಾದಾಗ ನಾ ನೆಟ್ಟಗ ನಿಂತಿರ್ತೀನಿ ನೋಡ್ರಿ."

ಒಳಗೆ ಆಕೆಗೆ ಒಂದೇ ಆಸೆ. ಈ ಸುಗ್ಗಿಗೆ ಹಿಂಡಿನ ಹಿಂದೆ ಮಾನ್ವಿಗೆ ನಡೆದು ಹೋಗಬೇಕು. ಹಿಂದೆ ಬಿದ್ದರೂ ಸರಿ, ದಿನಕ್ಕೆ ಅರ್ಧ ಹರದಾರಿಯಾದರೂ ಸರಿ. ಮಂಚದ ಮೇಲೆ ಮಲಗಿ ಜಂತಿ ಎಣಿಸಿದ ತಿಂಗಳುಗಳಲ್ಲಿ ಆಕೆ ಕಾಲುವೆಯ ನೀರಿನ ತಂಪನ್ನು ನೆನೆದು ಅತ್ತಿದ್ದಳು. ಅಳುವುದು ಆಕೆಯ ಸ್ವಭಾವವೇ ಅಲ್ಲ, ಅತ್ತಿದ್ದಕ್ಕೆ ತನ್ನನ್ನೇ ಬೈದುಕೊಂಡಿದ್ದಳು.

ಅಷ್ಟರಲ್ಲಿ ಕುರಿಗಳಿಗೆ ರೋಗ ಬಿತ್ತು. ಮೂಗು ಸುರಿದು, ನಾಲಿಗೆ ಬಾತು, ಒಂದೊಂದೇ ಕಾಲು ಚಾಚತೊಡಗಿದವು. ದನದ ಡಾಕ್ಟರ್ ಬಂದು ಚುಚ್ಚಿ, ಸ್ವಲ್ಪ ದಿನ ತಡೆಯಿರಿ ಎಂದ. ಬೂದೆಮ್ಮ ತಡೆಯಲಿಲ್ಲ. ಅಂಗಳದ ನಡುವೆ ನಿಂತು, ಓಣಿಗೆಲ್ಲ ಕೇಳುವಂತೆ ಹೇಳಿದಳು.

"ರೋಗ ಯಾಕ ಬಿತ್ತಂತ ನನಗ ಗೊತ್ತದ. ಕಾಲ್ ಕೊಟ್ಟ ದೇವ್ರಿಗೆ ಹರಕಿ ಮುಟ್ಟಿಲ್ಲ. ಆದಿ, ನೀ ಊರ ತುಂಬ ಮೆರೆಯಾಕತ್ತೀದಿ. ಬೀರಪ್ಪನ ಮುಂದ ಮಾತ್ರ ನಿನ್ನ ನಡ ಬಗ್ಗವಲ್ದು."

"ಯಕ್ಕಾ, ಬಗ್ಗಬಾರ್ದಂತ ಡಾಕ್ಟರ್ ಹೇಳ್ಯಾನ," ಯಮನೂರಪ್ಪ ನಡುವೆ ಬಂದ. "ಆಕಿ ಬದ್ಲಿ ನಾ ಹಾಕ್ತೀನಿ ಬಿಡು."

"ನಡ ನಿಂದು ಮುರಿದಿತ್ತೇನು? ಆಕಿ ಮೈ ಮ್ಯಾಲಿನ ಹರಕಿ ಆಕೀನೇ ತೀರಸಬೇಕು. ಅಲ್ಲೀ ಮಟ ಆಕಿ ನೆಳ್ಳು ಹಿಂಡಿನ ಮ್ಯಾಲ ಬೀಳಬಾರ್ದು. ಮಾನ್ವಿ ದಾರಿ ಮರ್ತು ಮೂಲ್ಯಾಗ ಕುಂದ್ರಲಿ."

ಯಮನೂರಪ್ಪ ತಲೆ ಕೆಳಗೆ ಹಾಕಿದ. ಅಷ್ಟಕ್ಕೇ ಅವನ ಧೈರ್ಯ ಮುಗಿಯಿತು. ಆದೆಮ್ಮ ಅಕ್ಕತಮ್ಮಂದಿರಿಬ್ಬರನ್ನೂ ನೋಡಿದಳು. ಮೂಲೆ ಎಂಬ ಮಾತು ಆಕೆಗೆ ಟಗರಿನ ಗುದ್ದಿಗಿಂತ ಜೋರಾಗಿ ತಾಗಿತ್ತು.

"ಹಾಕ್ತೀನಿ," ಎಂದಳು. "ಎತ್ತು ಕಟ್ಟಿ ಎಳೆದ್ರೂ ಅಲ್ಲಾಡದ ಬೆನ್ನಿದು. ಹಾಕಿ ಬಂದ ಮರುದಿನಾನೇ ಹಿಂಡು ಹೊಡೀಬೇಕು, ಹಿಂದ ನಾ ಇರ್ತೀನಿ. ಮಾತು ಕೊಡು ಯಕ್ಕಾ."

"ಕೊಟ್ಟೆ," ಎಂದಳು ಬೂದೆಮ್ಮ, ಕೊಡುವಾಗ ಕೈಯನ್ನೂ ಮುಂದೆ ಚಾಚಲಿಲ್ಲ.

ಸೋಮವಾರ ಬೆಳಿಗ್ಗೆ ಬಾವಿಯ ಬಳಿ ತಲೆಯ ಮೇಲೆ ಕೊಡಗಟ್ಟಲೆ ನೀರು ಸುರಿದು, ಬೇವಿನ ಎಸಳು ಕೈಗಿಟ್ಟು ಆದೆಮ್ಮನನ್ನು ಹೊರಡಿಸಿದರು. ಮುಂದೆ ಡೊಳ್ಳು, ಅಕ್ಕಪಕ್ಕ ಭಂಡಾರದ ಅರಿಸಿನ ಹಿಡಿದ ಹೆಂಗಸರು. ಕೋಲನ್ನು ಬೂದೆಮ್ಮ ಇಸಿದುಕೊಂಡಿದ್ದಳು, ದೇವರ ಮುಂದೆ ಕೋಲು ಊರಬಾರದಂತೆ. ಮೊದಲ ನಮಸ್ಕಾರಕ್ಕೆ ಆದೆಮ್ಮ ಮೊಣಕಾಲೂರಿ, ಕೈಯೂರಿ, ಮೆಲ್ಲಗೆ ನೆಲಕ್ಕೆ ಮೈ ಇಳಿಸಿದಳು. ಎದ್ದಳು. ಬೆನ್ನು ತಡೆಯಿತು. ಆಕೆಗೆ ನಗು ಬಂತು. ಎರಡನೆಯದೂ ಆಯಿತು, ಮತ್ತೊಂದೂ ಆಯಿತು. ಡೊಳ್ಳಿನವರು ಬಡಿತ ಏರಿಸಿದರು. ಏಳುವಾಗ ಸರಳಿನ ಮೇಲ್ತುದಿಯಲ್ಲಿ ಏನೋ ಕಚ್ಚಿ ಹಿಡಿದಂತಾಗುತ್ತಿತ್ತು. ಆಕೆ ಹಲ್ಲು ಕಚ್ಚಿ ಮಾನ್ವಿಯ ದಾರಿಯನ್ನು ನೆನೆದಳು. ಕುರ್ಡಿ ದಾಟಿದರೆ ಹುಣಸೆಮರ, ಅದರಾಚೆ ಕಾಲುವೆ.

ಗುಡಿಯ ಕಟ್ಟೆ ಕಾಣುವಷ್ಟು ಹತ್ತಿರ ಬಂದಾಗ ಸತ್ತ ಎಡಪಾದ ಒದ್ದೆ ಸೀರೆಗೆ ತೊಡರಿತು. ಆದೆಮ್ಮ ಇಳಿಯಲಿಲ್ಲ, ಬಿದ್ದಳು. ಬೆನ್ನೊಳಗೆ ಟಕ್ಕೆಂದಿತು. ನಡುವಿನಿಂದ ಕೆಳಗೆ ಬೆಂಕಿ ಹರಿದು, ಒಮ್ಮೆಲೇ ಆರಿತು. ಆಕೆ ಬಾಯಿ ತೆರೆದು ಕಿರುಚಿದ ಕಿರುಚು ಡೊಳ್ಳಿನ ಮೇಲೂ ಕೇಳಿತು. ಮೈ ಥರಥರ ನಡುಗಿತು, ಕಣ್ಣು ಮೇಲೆ ಸಿಕ್ಕಿಕೊಂಡಿತು, ಕೂದಲು ಬಿಚ್ಚಿ ಮುಖದ ಮೇಲೆ ಬಿತ್ತು.

"ಬಂದ! ಬೀರಪ್ಪ ಬಂದ!" ಬೂದೆಮ್ಮ ಭಂಡಾರ ಎರಚಿದಳು. "ಮೈದುಂಬಿ ಬಂದ ನೋಡ್ರಿ!"

ಆ ಮಂದಿ ಹುಟ್ಟಿದಾಗಿನಿಂದ ನೋಡಿದ್ದು ಅದನ್ನೇ. ದೇವರು ಮೈಮೇಲೆ ಬಂದವರು ಹೀಗೇ ಚೀರುತ್ತಾರೆ, ಹೀಗೇ ನಡುಗುತ್ತಾರೆ. ದೇವರು ಬಂದ ಮೈ ನೆಲ ಮುಟ್ಟಬಾರದು. ನಾಲ್ಕು ಮಂದಿ ಗಟ್ಟಿ ಗಂಡಸರು ಆಕೆಯ ತೋಳಿಗೂ ತೊಡೆಗೂ ಕೈ ಹಾಕಿ ಎತ್ತಿದರು, ಮುರಿದ ಬೆನ್ನು ನಡುವೆ ಜೋಲಿಯಂತೆ ಜೋತಾಡಿತು. ಎತ್ತಿದವರು ಡೊಳ್ಳಿಗೆ ಸರಿಯಾಗಿ ಕುಣಿದರು.

"ಯಪ್ಪೋ... ಇಳಸ್ರೋ... ನನ್ನ ಕಾಲು ಎಲ್ಯದಾವು... ನೆಲಕ್ಕ ಇಡ್ರೋ!"

"ಯಪ್ಪಾ, ನಿನ್ನ ಮಕ್ಕಳದೀವಿ," ಬೂದೆಮ್ಮ ಅಡ್ಡ ಬಿದ್ದು ಕೇಳಿದಳು. "ಹೇಳಿಕಿ ಕೊಡು. ಕುರಿ ಉಳಿತಾವೇನು?"

"ನಿಮ್ಮ ಕುರಿ ಹಾಳಾಗ್ಲಿ! ನಿನ್ನ ಬಾಯಾಗ ಮಣ್ಣು ಬೀಳ್ಲಿ! ನನ್ನ ಇಳಸ್ರಿ!"

"ಸಿಟ್ಟಾಗ್ಯಾನ! ತಡಾ ಮಾಡಿದ್ದಕ್ಕ ಸಿಟ್ಟಾಗ್ಯಾನ! ಇಳಸಬ್ಯಾಡ್ರಿ, ಗುಡಿ ಸುತ್ತ ಹಾಯಿಸ್ರಿ!"

ಯಮನೂರಪ್ಪನಿಗೆ ಅದು ದೇವರ ಧ್ವನಿಯಲ್ಲ, ಹೆಂಡತಿಯ ಧ್ವನಿ ಎಂದು ಗೊತ್ತಾಯಿತು. ಇಪ್ಪತ್ತು ವರ್ಷಕ್ಕೂ ಮೇಲೆ ಬೈಸಿಕೊಂಡವನಿಗೆ ಗೊತ್ತಾಗದೆ ಇರುತ್ತದೆಯೇ? ಒಂದು ಹೆಜ್ಜೆ ಮುಂದಿಟ್ಟ. ಸುತ್ತಲಿನ ಮಂದಿಯನ್ನು ನೋಡಿದ. ಅಕ್ಕನನ್ನು ನೋಡಿದ. ಆಮೇಲೆ ಅವನೂ ಕೈ ಮುಗಿದು ನಿಂತುಬಿಟ್ಟ. ಆದೆಮ್ಮ ಅವನನ್ನು ನೋಡಿದ್ದು ಅದೇ ಹೊತ್ತಿಗೆ. ಗುಡಿಯ ಸುತ್ತ ಪೂರ್ತಿ ಹಾಯಿಸಿ ಇಳಿಸುವ ಹೊತ್ತಿಗೆ ಆಕೆಯ ಬಾಯಲ್ಲಿ ಬೈಗುಳವೂ ಉಳಿದಿರಲಿಲ್ಲ.

ರಾಯಚೂರಿಗೆ ಮತ್ತೆ ಒಯ್ದರೂ ಭಾನುವಾರದ ತನಕ ಕಾಯಬೇಕಾಯಿತು. ಡಾಕ್ಟರ್ ಫೋಟೋವನ್ನು ದೀಪಕ್ಕೆ ಹಿಡಿದು ಖುಷಿಯಾದ. ಜೊತೆಗಿದ್ದ ಎಳೆಯ ಡಾಕ್ಟರರಿಗೆ ಬೆರಳಿಟ್ಟು ತೋರಿಸಿದ.

"ನೋಡ್ರಿ, ಇಷ್ಟು ದೊಡ್ಡ ಪೆಟ್ಟು ಬಿದ್ದದ, ಸ್ಕ್ರೂ ಒಂದು ಕೂದಲೆಳೆ ಅಲ್ಲಾಡಿಲ್ಲ. ಸಿಮೆಂಟ್ ಹೆಂಗ ಹಿಡ್ಕೊಂಡದ! ಮುರಿದದ್ದು ಮ್ಯಾಲಿನ ಎಲುಬು. ಅದು ನಾವು ಮುಟ್ಟಿದ್ದಲ್ಲ."

"ಕಾಲು ಬರ್ತಾವೇನ್ರಿ?" ಯಮನೂರಪ್ಪ ಕೇಳಿದ.

"ಇನ್ನೊಮ್ಮಿ ಬಿಚ್ಚಾಕ ಆಗಂಗಿಲ್ಲ. ಆ ಸಿಮೆಂಟ್ ತೆಗೆಯಾಕ ಹೋದ್ರ ಜೀವಾನೇ ಹೋಗ್ತದ. ಕರ್ಕೊಂಡು ಹೋಗ್ರಿ. ಬಗ್ಗಬ್ಯಾಡಂತ ಹೇಳಿರಲಿಲ್ಲೇನು?"

ಬಾಗಿಲಲ್ಲಿ ನಿಂತಿದ್ದ ಹೀರಾಬಿ ಮುಖ ತಿರುಗಿಸಿ ಹೋದಳು.

ಕುರಿಯ ರೋಗ ತಾನಾಗಿಯೇ ಇಳಿಯಿತು. ಚುಚ್ಚುಮದ್ದಿನಿಂದ ಇಳಿಯಿತೋ, ಸಾಯುವವೆಲ್ಲ ಸತ್ತು ಮುಗಿದು ಇಳಿಯಿತೋ, ಯಾರು ವಿಚಾರ ಮಾಡುತ್ತಾರೆ? ಬೀರಪ್ಪ ಆದೆಮ್ಮನ ಮೈಮೇಲೆ ಬಂದು ಕುರಿ ಉಳಿಸಿದ ಎಂಬ ಸುದ್ದಿ ಊರೂರು ದಾಟಿತು. ಅಮಾವಾಸ್ಯೆಗೆ ಮಂದಿ ಬರತೊಡಗಿದರು, ಲಿಂಗಸುಗೂರಿನ ಕಡೆಯಿಂದ, ಮಟಮಾರಿಯಿಂದಲೂ. ಆದೆಮ್ಮ ಮಂಚದ ಮೇಲಿಂದ ಬಾಯಿಗೆ ಬಂದಂತೆ ಬೈದರೆ ಅದನ್ನು ಸೆರಗೊಡ್ಡಿ ಹಿಡಿದುಕೊಂಡರು. ಬೂದೆಮ್ಮ ಪಕ್ಕದಲ್ಲಿ ಕೂತು ಒಂದೊಂದು ಬೈಗುಳಕ್ಕೂ ಅರ್ಥ ಬಿಡಿಸಿ ಹೇಳಿದಳು. ಆಕೆ ಬಾಯಿ ಮುಚ್ಚಿ ಮಲಗಿದರೆ, ದೇವರು ಮೌನ ಹಿಡಿದಿದ್ದಾನೆ ಎಂದು ಇನ್ನೂ ಹೆಚ್ಚು ಹೆದರಿದರು. ಎಲ್ಲರೂ ಆಕೆಯ ಪಾದಕ್ಕೆ ಹಣೆ ಒತ್ತಿ ಹೋಗುತ್ತಿದ್ದರು. ಒತ್ತಿದ್ದಾರೆಂದು ಆಕೆಗೆ ಕಣ್ಣಿನಿಂದ ನೋಡಿದಾಗ ಮಾತ್ರ ತಿಳಿಯುತ್ತಿತ್ತು.

ಬೆನ್ನಿನ ಕೆಳಗೆ ಹುಣ್ಣಾಗಿ ವಾಸನೆ ಬಂದಾಗ ಬೂದೆಮ್ಮ ಲೋಬಾನದ ಹೊಗೆ ಹೆಚ್ಚಿಸಿದಳು.

ಮರುವರ್ಷದ ಸುಗ್ಗಿ ಮುಗಿದು ಹಿಂಡುಗಳು ಹೊರಟವು. ಬೆಳಗಿನ ಹೊತ್ತು, ಓಣಿಯ ತುಂಬ ಕುರಿಯ ಕೂಗು, ಗೊರಸಿನ ಸದ್ದು, ನಾಯಿಗಳ ಗದ್ದಲ. ಯಮನೂರಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ಮಂಚದ ಹತ್ತಿರ ಬಂದು ನಿಂತ. ಆದೆಮ್ಮ ಅವನ ಕೈ ಹಿಡಿದಳು. ಆಕೆ ಹಾಗೆ ಬೇಡಿದ್ದನ್ನು ಅವನು ಎಂದೂ ಕೇಳಿರಲಿಲ್ಲ.

"ನನ್ನ ಒಯ್ಯಿ ಅನ್ನಲ್ಲ. ಮಂಚಾ ಬಾಗಿಲ ಹೊರಗ ಇಡಸು. ಹಿಂಡು ಹೋಗೂದು ನೋಡ್ತೀನಿ. ಅಷ್ಟ ಸಾಕು ನನಗ."

ಅವನು ಅಕ್ಕನ ಕಡೆ ತಿರುಗಿದ.

"ದೇವ್ರು ಬಂದ ಮೈ ಹೊಸ್ತಿಲು ದಾಟಬಾರ್ದು," ಎಂದಳು ಬೂದೆಮ್ಮ. "ಮಂದಿ ಬಂದು ಕುಂತಾರ. ನೀ ನಡಿ, ಹೊತ್ತಾತು."

ಯಮನೂರಪ್ಪ ಕೈ ಬಿಡಿಸಿಕೊಂಡು ಹೋದ. ಆದೆಮ್ಮ ಗೋಡೆಗೆ ಕಿವಿ ಕೊಟ್ಟು ಮಲಗಿ, ಸದ್ದು ಮಾನ್ವಿ ದಾರಿಗೆ ತಿರುಗುವುದನ್ನು ಕೇಳಿದಳು, ಅದು ಸಣ್ಣದಾಗುವುದನ್ನೂ ಕೇಳಿದಳು. ಆಮೇಲೆ ಬೂದೆಮ್ಮ ಆಕೆಯ ಹಣೆಗೆ ಭಂಡಾರ ಬಳಿದು, ಸೀರೆ ಸರಿಸಿ ಪಾದಗಳನ್ನು ಹೊರಗಿಟ್ಟು, ಕಾಯುತ್ತಿದ್ದವರನ್ನು ಒಳಗೆ ಕರೆದಳು.